ಚಾಂದಬೀಬಿ : ಕೊಲ್ಲುವ ಬಲ, ಕಾಯುವ ಬಲ

ವಿಜಯಪುರ ನಗರದ ಶೇರ್ಜಾ ಬುರುಜಿನ ಮೇಲೆ ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ ಫಿರಂಗಿಯಿದೆ. ಅದರ ಮುಖದಲ್ಲಿ ಸಿಂಹವು ಆನೆಯನ್ನು ನುಂಗುವ ಆಕೃತಿಯುಂಟು. ಇದೇ ನಗರದಲ್ಲಿ, 1579ರಲ್ಲಿ ಒಂದನೆಯ ಅಲಿ ಆದಿಲಶಾಹನು ಕಟ್ಟಿಸಿ ಮಡದಿಯ ಹೆಸರಿಟ್ಟ ಚಾಂದ ಬಾವಡಿಯೂ ಇದೆ. ತಿಕೋಟಾ, ಬಬಲೇಶ್ವರಗಳ ಒಕ್ಕಲುಮಕ್ಕಳು ಮುಗಿಲನ್ನೇ ನಂಬಿ ಬಿತ್ತುತ್ತಿದ್ದ ಈ ಬರದ ಸೀಮೆಯಲ್ಲಿ ಬಾವಿಯೆಂದರೆ ಜೀವದಾನ. ಆ ಫಿರಂಗಿಯನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಚಾಂದಬೀಬಿಯ ತವರೂ ಅದೇ.

ಹುಸೇನ ನಿಜಾಮಶಾಹನ ಮಗಳಾದ ಆಕೆಯ ವಿವಾಹದಿಂದ ಬೆಳೆದ ನೆಂಟಸ್ತಿಕೆಯು 1565ರ ಮಹಾಯುದ್ಧಕ್ಕೆ ಹಾದಿಯಾಯಿತು. ವಿಜಯನಗರವು ಹಾಳಾಯಿತು; ಆದರೆ ಗೆದ್ದವರಿಗೂ ನೆಮ್ಮದಿ ದೊರೆಯಲಿಲ್ಲ. ಸಮಾನ ವೈರಿ ಅಳಿದೊಡನೆ ಮಿತ್ರರೇ ಪರಸ್ಪರ ಕಾದಾಡತೊಡಗಿದರು. 1580ರಲ್ಲಿ ಅಲಿಯ ಕೊಲೆಯಾದಾಗ, ಒಂಬತ್ತು ವರ್ಷದ ಇಬ್ರಾಹಿಮನ ಪಾಲನೆಯ ಹೊಣೆ ಚಾಂದಬೀಬಿಗೆ ಬಂದಿತು. ಅಧಿಕಾರದ ಆಸೆಗೆ ಬಿದ್ದ ಸರದಾರ ಕಿಶ್ವರಖಾನನು ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಆ ಕಷ್ಟವನ್ನೂ, ನೆರೆರಾಜ್ಯಗಳ ಮುತ್ತಿಗೆಯನ್ನೂ ದಾಟಿ ಬಾಲರಾಜನ ಸಿಂಹಾಸನವು ಉಳಿಯಿತು.

ಮುಂದೆ ತವರಿಗೆ ಮರಳಿದ ಆಕೆಗೆ ಇನ್ನೂ ದೊಡ್ಡ ಪರೀಕ್ಷೆ ಕಾದಿತ್ತು. 1595ರ ಡಿಸೆಂಬರಿನಲ್ಲಿ ಅಕಬರನ ಮಗ ಮುರಾದನು ಅಹಮದನಗರವನ್ನು ಮುತ್ತಿದನು. ಸುರಂಗದ ಮದ್ದು ಸಿಡಿದು ಕೋಟೆಯ ಗೋಡೆ ಬಿರಿದಾಗ, ಚಾಂದಬೀಬಿಯು ಮುಸುಕು ಧರಿಸಿ, ಕೈಯಲ್ಲಿ ಖಡ್ಗ ಹಿಡಿದು ಬಿರುಕಿನ ಬಳಿಯೇ ನಿಂತಳು; ರಾತ್ರಿ ಕಳೆಯುವುದರೊಳಗೆ ಗೋಡೆಯನ್ನು ಮತ್ತೆ ಎಬ್ಬಿಸಿದಳು. ವೈರಿಗೆ ಧಾನ್ಯದ ಕೊರತೆ ಬಿದ್ದಿತ್ತು, ವಿಜಾಪುರದ ಸೇನೆಯೂ ನೆರವಿಗೆ ಹೊರಟಿತ್ತು. ಆದರೂ ಆಕೆ ಹೆಣಗಳ ಲೆಕ್ಕವನ್ನು ಬೆಳೆಸಲು ಬಯಸದೆ, 1596ರಲ್ಲಿ ವರ್ಹಾಡ ಪ್ರಾಂತವನ್ನು ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಂಡಳು. ನೆಲ ಹೋಯಿತು, ಜನ ಉಳಿದರು.

ಆ ಶಾಂತಿ ಬಹುಕಾಲ ಬಾಳಲಿಲ್ಲ. 1597ರಲ್ಲಿ ಗೋದಾವರಿಯ ದಡದ ಸೋನಪೇಟೆಯಲ್ಲಿ ದಖ್ಖನದ ಸೇನೆಗಳು ಸೋತವು. 1600ರಲ್ಲಿ ರಾಜಪುತ್ರ ದಾನಿಯಾಲನು ಮತ್ತೆ ಮುತ್ತಿಗೆ ಹಾಕಿದಾಗ, ಕೋಟೆಯವರ ಪ್ರಾಣ ಉಳಿಯುವುದಾದರೆ ಕೋಟೆಯನ್ನು ಒಪ್ಪಿಸಿ, ಬಾಲಕ ಬಹಾದ್ದೂರನೊಡನೆ ಜುನ್ನರಕ್ಕೆ ತೆರಳಬೇಕೆಂದು ಆಕೆ ನಿಶ್ಚಯಿಸಿದಳು. ಇದನ್ನು ದ್ರೋಹವೆಂದು ಬಗೆದ ಸ್ವಂತ ಸೈನಿಕರೇ ಅಂತಃಪುರಕ್ಕೆ ನುಗ್ಗಿ ಆಕೆಯನ್ನು ಕೊಂದರು. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ಕಾವಲಿನವರಲ್ಲಿ ಅನೇಕರು ಹತರಾದರು. ಬಾಲಕನು ಗ್ವಾಲಿಯರದ ಸೆರೆಯನ್ನು ಸೇರಿದನು. ಆಕೆ ತಪ್ಪಿಸಬಯಸಿದ ಸಾವೇ ಬಂದೊದಗಿತು.

ಎಷ್ಟು ಜನರನ್ನು ಕೊಲ್ಲಬಲ್ಲದೆಂಬುದರಿಂದಲೇ ಸೇನೆಯ ಬಲವನ್ನು ಅಳೆಯುವ ರೂಢಿ ಇಂದಿನ ರಾಷ್ಟ್ರಗಳಲ್ಲಿಯೂ ಇದೆ. ಚಾಂದಬೀಬಿ ಖಡ್ಗವನ್ನು ತೊರೆದವಳಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿತವಳು. ಶರಣರು ಬೋಧಿಸಿದ ಜೀವದಯೆಯು ರಾಜನೀತಿಗೂ ರಣರಂಗಕ್ಕೂ ಸಲ್ಲುವುದೆಂಬುದಕ್ಕೆ ಆಕೆಯ ಬಾಳು ಸಾಕ್ಷಿ. 1632ರಲ್ಲಿ ಆ ಮಹಾಫಿರಂಗಿ ವಿಜಾಪುರಕ್ಕೆ ಬಂದಿತು. 1686ರಲ್ಲಿ ಔರಂಗಜೇಬನೆದುರು ವಿಜಾಪುರ ಶರಣಾಯಿತು. ಫಿರಂಗಿ ರಾಜ್ಯವನ್ನು ಉಳಿಸಲಿಲ್ಲ. ನೀರಿನೊಡನೆ ಬೆರೆತ ಚಾಂದಬೀಬಿಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು.