ಡಾಂಬರು ರಸ್ತೆ ಕಂಡುಹಿಡಿದವರು ಮೆಕಾಡಮ್ ಅವರೇ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

ಡಾಂಬರು ರಸ್ತೆಯ ಜನಕ ಮೆಕಾಡಮ್ ಎಂಬ ಸಾಲು ಸಾಮಾನ್ಯ ಜ್ಞಾನದ ಫಾರ್ವರ್ಡ್‌ಗಳಲ್ಲಿ ಆಗಾಗ ಬರುತ್ತದೆ. ನಿಮಗೂ ಬಂದಿರಬಹುದು. ಇದು ಅರ್ಧ ಮಾತ್ರ ನಿಜ. ರಸ್ತೆ ಅವರದು, ಡಾಂಬರು ಅವರದಲ್ಲ. ತಮಾಷೆ ಏನೆಂದರೆ, ಡಾಂಬರು ತಯಾರಿಸುವ ಕಂಪನಿಯೊಂದರಲ್ಲಿ ಅವರ ಪಾಲೇ ಇತ್ತು!

ಜಾನ್ ಲೌಡನ್ ಮೆಕಾಡಮ್ ಹುಟ್ಟಿದ್ದು 1756ರಲ್ಲಿ, ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. ತಂದೆ ತೀರಿಕೊಂಡ ಮೇಲೆ, 1770ರಲ್ಲಿ, ನ್ಯೂಯಾರ್ಕ್‌ನಲ್ಲಿ ವ್ಯಾಪಾರಿಯಾಗಿದ್ದ ತಂದೆಯ ಸೋದರನ ಬಳಿ ಹೋದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ಇದ್ದು, ಚೆನ್ನಾಗಿ ಹಣ ಮಾಡಿ, 1783ರಲ್ಲಿ ಊರಿಗೆ ಮರಳಿದರು. ಎಸ್ಟೇಟ್ ಕೊಂಡರು. ಕಲ್ಲಿದ್ದಲಿನಿಂದ ಟಾರ್ ತೆಗೆಯುವ ಬ್ರಿಟಿಷ್ ಟಾರ್ ಕಂಪನಿಯಲ್ಲಿ ಪಾಲುದಾರರಾದರು. ಸುಂಕದ ರಸ್ತೆಗಳನ್ನು ನೋಡಿಕೊಳ್ಳುವ ಸಮಿತಿಯ ಸದಸ್ಯರೂ ಆದರು. ರಸ್ತೆಯ ಹುಚ್ಚು ಹಿಡಿದದ್ದು ಅಲ್ಲೇ. ಸ್ವಂತ ಖರ್ಚಿನಲ್ಲಿ ಸಾವಿರಾರು ಮೈಲಿ ಸುತ್ತಿ ರಸ್ತೆಗಳನ್ನು ನೋಡಿದರು.

ಆಗಿನ ಪದ್ಧತಿಯಲ್ಲಿ ಕೈಗೆ ಸಿಕ್ಕ ದಪ್ಪ ಕಲ್ಲು, ಮಣ್ಣು ಎಲ್ಲ ಸುರಿಯುತ್ತಿದ್ದರು. ಮಳೆ ಬಂದರೆ ಕೆಸರು, ಬಿಸಿಲಿಗೆ ಗುಂಡಿ. ನಮಗೇನೂ ಹೊಸದಲ್ಲ ಬಿಡಿ. ಮೆಕಾಡಮ್ ಅವರ ವಿಚಾರ ಸರಳ: ಗಾಡಿಯ ಭಾರ ಹೊರುವುದು ಕೊನೆಗೆ ಅಡಿಯ ನೆಲವೇ, ಆ ನೆಲ ಒಣಗಿದ್ದರೆ ಎಷ್ಟು ಭಾರವಾದರೂ ಹೊರುತ್ತದೆ. ಅಂದರೆ ರಸ್ತೆಯ ಕೆಲಸ ನೀರನ್ನು ಹೊರಗಿಡುವ ಚಾವಣಿಯ ಕೆಲಸ. ಹಾಗಾಗಿ ಅವರ ರಸ್ತೆ ಅಕ್ಕಪಕ್ಕದ ನೆಲಕ್ಕಿಂತ ಎತ್ತರ, ನಡುವೆ ಸ್ವಲ್ಪ ಉಬ್ಬು, ಬದಿಯಲ್ಲಿ ಚರಂಡಿ. ಮೇಲೆ ಸುಮಾರು 25 ಸೆಂ.ಮೀ. ದಪ್ಪಕ್ಕೆ ಒಡೆದ ಜಲ್ಲಿ, ಒಂದೊಂದೂ 170 ಗ್ರಾಂ ಮೀರಬಾರದು. ಮಣ್ಣು, ಮರಳು ಬೆರೆಸುವಂತಿಲ್ಲ. ಕಬ್ಬಿಣದ ಪಟ್ಟಿಯ ಗಾಡಿ ಚಕ್ರಗಳೇ ತುಳಿದು ತುಳಿದು ಜಲ್ಲಿಯ ಚೂಪು ಅಂಚುಗಳನ್ನು ಒಂದಕ್ಕೊಂದು ಬಿಗಿಯುತ್ತಿದ್ದವು. ಅವರ ಕಾಲದ ಇನ್ನೊಬ್ಬ ಪ್ರಸಿದ್ಧ ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್ ಅಡಿಪಾಯಕ್ಕೆ ದೊಡ್ಡ ಕಲ್ಲು ಜೋಡಿಸುತ್ತಿದ್ದರು. ಮೆಕಾಡಮ್ ಅದು ಬೇಡವೇ ಬೇಡ ಎಂದರು. ಖರ್ಚು ಇಳಿಯಿತು.

ಜಲ್ಲಿ ಒಡೆದವರು ಯಾರು? ಹೆಂಗಸರು, ಹುಡುಗರು, ದುಡಿಯಲಾಗದ ಮುದುಕರು. ಕುಳಿತು ಸಣ್ಣ ಸುತ್ತಿಗೆಯಲ್ಲಿ ಒಡೆಯುವ ಕೆಲಸ ಅವರಿಗೆ ಸಾಧ್ಯ ಎಂದು ಮೆಕಾಡಮ್ ಅವರೇ ಹೇಳಿದ್ದರು. ಫಾರ್ವರ್ಡ್‌ಗಳಲ್ಲಿ ಇವರು ಬರುವುದಿಲ್ಲ.

1816ರಲ್ಲಿ, 60ರ ಹೊಸ್ತಿಲಲ್ಲಿ, ಬ್ರಿಸ್ಟಲ್ ರಸ್ತೆಗಳ ಹೊಣೆ ಅವರಿಗೆ ಸಿಕ್ಕಿತು. ಆಮೇಲೆ ಹೆಸರು ದೇಶ ದಾಟಿತು. ನೈಟ್ ಪದವಿ ಬಂದಾಗ ಬೇಡವೆಂದರು, ಅದನ್ನು ಮಗ ಜೇಮ್ಸ್ ಪಡೆದರು. 1836ರಲ್ಲಿ ಮೊಫಾಟ್‌ನಲ್ಲಿ ತೀರಿಕೊಂಡರು.

ಡಾಂಬರು ಬಂದದ್ದು ಮೋಟಾರು ಕಾರಿನ ಕಾಲಕ್ಕೆ. ರಬ್ಬರ್ ಚಕ್ರದ ವೇಗಕ್ಕೆ ಜಲ್ಲಿ ರಸ್ತೆಯ ಧೂಳು ಏಳತೊಡಗಿತು. ಇಂಗ್ಲೆಂಡಿನ ಎಡ್ಗರ್ ಪರ್ನೆಲ್ ಹೂಲಿ 1902ರಲ್ಲಿ ಟಾರ್ ಬೆರೆಸಿದ ಮಿಶ್ರಣಕ್ಕೆ ಪೇಟೆಂಟ್ ಪಡೆದರು. ಅದೇ ಟಾರ್ಮ್ಯಾಕ್. ಈಗ ಬಳಸುವುದು ಪೆಟ್ರೋಲಿಯಂನ ಬಿಟುಮೆನ್, ಬಾಯಲ್ಲಿ ಮಾತ್ರ ಡಾಂಬರು ಉಳಿದಿದೆ.

ಹಳೆ ಬಾಟಲಿ ಪುಡಿ ಮಾಡಿ ಹಾಕಿದರೆ ರಸ್ತೆ ಗಟ್ಟಿ ಎಂಬ ಮಾತೂ ಓಡಾಡುತ್ತಿದೆ. ಅಮೆರಿಕದಲ್ಲಿ 1970ರ ಆಸುಪಾಸಿನಿಂದಲೇ ಇದನ್ನು ಮಾಡಿ ನೋಡಿದ್ದಾರೆ. ಒಡೆದ ಗಾಜಿಗೆ ಜಲ್ಲಿಯಂತೆ ಅಂಚುಗಳಿವೆ, ಆದರೆ ಮೈ ನುಣುಪು. ಬಿಟುಮೆನ್ ಗಟ್ಟಿಯಾಗಿ ಅಂಟುವುದಿಲ್ಲ, ನಡುವೆ ನೀರು ನುಗ್ಗಿದರೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಗಾಜನ್ನು ಸಣ್ಣಗೆ ಪುಡಿ ಮಾಡಿ, ಕಡಿಮೆ ಪ್ರಮಾಣದಲ್ಲಿ, ಸುಣ್ಣದಂಥ ಅಂಟು ಹೆಚ್ಚಿಸುವ ವಸ್ತು ಸೇರಿಸಿ ಬಳಸುತ್ತಾರೆ. ಪೂರ್ತಿ ಜಲ್ಲಿಗೆ ಬದಲಿ ಅಲ್ಲ. ಮೆಕಾಡಮ್ ಹೆದರಿದ್ದ ನೀರೇ ಇಲ್ಲೂ ಶತ್ರು.

ಅಂದ ಹಾಗೆ, ನಮ್ಮ ಹಳ್ಳಿ ರಸ್ತೆಗಳ ಟೆಂಡರ್‌ನಲ್ಲಿ ಕಾಣುವ ಡಬ್ಲ್ಯುಬಿಎಂನ ಕೊನೆಯ ಎಂ ಇವರದೇ ಹೆಸರು. ಅಲ್ಲಿ ಜಲ್ಲಿಯ ಸಂದಿಗೆ ಕಲ್ಲುಪುಡಿ, ಮಣ್ಣು ತುಂಬಿ ನೀರು ಹಾಯಿಸಿ ರೋಲರ್ ಹೊಡೆಯುತ್ತಾರೆ. ಮೆಕಾಡಮ್ ಕಂಡಿದ್ದರೆ ಖಂಡಿತ ಜಗಳ ತೆಗೆಯುತ್ತಿದ್ದರು.