ಕುರ್ಚಿ ಒಲ್ಲದ ಸಂಘಟಕ

ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರ ಹಿರಿಯ ಮಗನ ಹೆಸರೂ ಥಿಯೊಡೋರ್. 1887ರಲ್ಲಿ ಜನಿಸಿದ ಇವರು ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಹೋರಾಡಿ ಗಾಯಗೊಂಡರು; ಕಿರಿಯ ತಮ್ಮ ಕ್ವೆಂಟಿನ್ ಅಲ್ಲೇ ಮಡಿದರು. ಯುದ್ಧ ಮುಗಿದರೂ ತಾಯ್ನಾಡಿಗೆ ಮರಳಲು ಕಾಯುತ್ತಿದ್ದ ಸೈನಿಕರನ್ನು ಒಂದುಗೂಡಿಸಲು ಥಿಯೊಡೋರ್ ಮತ್ತು ಸಂಗಡಿಗರು ಮುಂದಾದರು. 1919ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಭೆಯಲ್ಲಿ 'ಅಮೆರಿಕನ್ ಲೀಜನ್' ಎಂಬ ಮಾಜಿ ಸೈನಿಕರ ಸಂಘ ರೂಪುಗೊಂಡಿತು. ಮೇ ತಿಂಗಳ ಸೇಂಟ್ ಲೂಯಿಸ್ ಸಮಾವೇಶದಲ್ಲಿ ಸದಸ್ಯರು ಪಟ್ಟುಹಿಡಿದರೂ ಅವರು ಅಧ್ಯಕ್ಷಸ್ಥಾನ ಒಪ್ಪಲಿಲ್ಲ. ಸಂಘವು ತಮ್ಮ ರಾಜಕೀಯಕ್ಕೆ ಮೆಟ್ಟಿಲೆನಿಸಬಾರದೆಂಬ ಎಚ್ಚರ ಅವರದು. 1944ರ ಜೂನ್ 6ರಂದು, 56ನೆಯ ವಯಸ್ಸಿನಲ್ಲಿ, ಊರುಗೋಲು ಹಿಡಿದೇ ನಾರ್ಮಂಡಿಯ ತೀರದಲ್ಲಿ ಮೊದಲ ತಂಡದ ಸೈನಿಕರೊಡನೆ ಇಳಿದರು. ಮರುತಿಂಗಳು ಹೃದಯಾಘಾತದಿಂದ ತೀರಿಕೊಂಡರು. ಇಂದು ಅಣ್ಣತಮ್ಮಂದಿರ ಸಮಾಧಿಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ಪರನಾಡಿನಲ್ಲಿ ಸಂಘ ಕಟ್ಟಿಕೊಂಡಿರುವ ನಾವು ನೆನೆಯಬೇಕಾದ ಬಾಳು ಅವರದು.