ಅಪವಾದ ಹೊತ್ತೂ ಹಡಗು ಕಟ್ಟಿದವನು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರಾದ ನಮಗೆ ಸಮುದ್ರ ದೂರ, ಹತ್ತಿ ಹತ್ತಿರ. ಆದರೆ 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಅದರ ಬಿಸಿ ನಮ್ಮ ಸೀಮೆಗೂ ತಟ್ಟಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಅಲ್ಲಿನ ಹತ್ತಿ ಸಿಗದೆ ಇಂಗ್ಲೆಂಡಿನ ಗಿರಣಿಗಳು ಧಾರವಾಡ ಸೀಮೆಯ ಹತ್ತಿಯನ್ನೂ ಹುಡುಕಿಕೊಂಡು ಬಂದವು. ದರ ಏರಿತು, ಹತ್ತಿ ಸಾಗಿಸಲು ಕಾರವಾರ ಬಂದರಿನತ್ತ ಎಲ್ಲರ ಕಣ್ಣು ಹೋಯಿತು. ಆ ದಿಗ್ಬಂಧನ ಮುರಿಯದಂತೆ ಕಾದ ಹಡಗು ‘ಮಾನಿಟರ್’. ಅದನ್ನು ರೂಪಿಸಿದವನು ಜಾನ್ ಎರಿಕ್ಸನ್.

ಎರಿಕ್ಸನ್ ಹುಟ್ಟಿದ್ದು 1803ರಲ್ಲಿ, ಸ್ವೀಡನ್‌ನ ಗಣಿ ಪ್ರದೇಶದಲ್ಲಿ. ಬಾಲಕನಿದ್ದಾಗಲೇ ಕಾಲುವೆ ಕಾಮಗಾರಿಯಲ್ಲಿ ನಕ್ಷೆ ಬರೆಯುತ್ತಿದ್ದ. 1829ರಲ್ಲಿ ಇಂಗ್ಲೆಂಡಿನ ರೈನ್‌ಹಿಲ್ ಸ್ಪರ್ಧೆಗೆ ರೈಲು ಎಂಜಿನ್ ತಯಾರಿಸಿದ; ಗೆದ್ದದ್ದು ಸ್ಟೀಫನ್‌ಸನ್‌ನ ‘ರಾಕೆಟ್’. ಹಡಗಿಗೆ ಪ್ರೊಪೆಲ್ಲರ್ ಜೋಡಿಸಿ ಓಡಿಸಿ ತೋರಿಸಿದರೂ ಬ್ರಿಟಿಷ್ ನೌಕಾಪಡೆ ಒಪ್ಪಲಿಲ್ಲ. 1839ರಲ್ಲಿ ಅಮೆರಿಕಕ್ಕೆ ಹೋಗಿ ‘ಪ್ರಿನ್ಸ್‌ಟನ್’ ಯುದ್ಧನೌಕೆಯನ್ನು ವಿನ್ಯಾಸ ಮಾಡಿದ. 1844ರಲ್ಲಿ ಆ ಹಡಗಿನ ಮೇಲೆ ತೋಪೊಂದು ಸಿಡಿದು ಇಬ್ಬರು ಸಚಿವರೂ ಸೇರಿ ಆರು ಮಂದಿ ಸತ್ತರು. ಸಿಡಿದದ್ದು ಕ್ಯಾಪ್ಟನ್ ಸ್ಟಾಕ್ಟನ್ ಮಾಡಿಸಿದ್ದ ತೋಪು. ಅಪವಾದ ಬಂದದ್ದು ಎರಿಕ್ಸನ್ ಮೇಲೆ. ದುಡಿದ ಹಣವನ್ನೂ ಕೊಡಲಿಲ್ಲ.

ಇಲ್ಲಿಗೆ ಬಂದಾಗ ನಾನು ಓದು ನಿಲ್ಲಿಸಿ ಸುಮ್ಮನೆ ಕುಳಿತೆ. ಡಿಪ್ಲೊಮಾ ಮುಗಿಸಿ ಸೇರಿದ್ದ ವರ್ಕ್‌ಶಾಪೊಂದರಲ್ಲಿ ಬೇರೆಯವರು ಕೆಡಿಸಿದ ಯಂತ್ರದ ಹೊಣೆ ನನ್ನ ತಲೆಗೆ ಬಂದು ಕೆಲಸ ಹೋಗಿತ್ತು. ಹಾಗಾಗಿ ಆತ ಮುಂದೇನು ಮಾಡಿದ ಎಂಬುದೇ ನನಗೆ ಮುಖ್ಯವಾಯಿತು.

ಆತ ನಕ್ಷೆ ಬರೆಯುವುದನ್ನು ಬಿಡಲಿಲ್ಲ. ತಿರುಗುವ ತೋಪಿನ ಗೋಪುರವುಳ್ಳ ಕಬ್ಬಿಣದ ಹಡಗಿನ ಯೋಜನೆಯನ್ನು 1854ರಲ್ಲಿ ಫ್ರಾನ್ಸ್‌ನ ಚಕ್ರವರ್ತಿಗೆ ಕಳಿಸಿದ. ಅಲ್ಲೂ ಬೇಡವೆಂದರು. ಮಾದರಿಯನ್ನು ಜೋಪಾನವಾಗಿ ಎತ್ತಿಟ್ಟ.

ಮುಂದೆ ಫ್ರಾನ್ಸ್, ಬ್ರಿಟನ್ ಎರಡೂ ಕಬ್ಬಿಣದ ಕವಚದ ನೌಕೆಗಳನ್ನು ಕಟ್ಟಿದವು. ಅಂತರ್ಯುದ್ಧದಲ್ಲಿ ದಕ್ಷಿಣದವರೂ ಸುಟ್ಟು ಮುಳುಗಿದ್ದ ಹಡಗೊಂದನ್ನು ಮೇಲೆತ್ತಿ ಕಬ್ಬಿಣ ಹೊದಿಸತೊಡಗಿದರು. ಆಗ, ಹಣ ಕೊಡದ ಅದೇ ನೌಕಾಪಡೆಗೆ ಎರಿಕ್ಸನ್ ಬೇಕಾದ. ಹಡಗು ವಿಫಲವಾದರೆ ಹಣ ಹಿಂದಿರುಗಿಸಬೇಕೆಂಬ ಷರತ್ತಿಗೂ ಒಪ್ಪಿದ. ಕಟ್ಟಲು ಶುರುಮಾಡಿದ ನೂರು ದಿನಗಳೊಳಗೆ, 1862ರ ಜನವರಿ 30ರಂದು ‘ಮಾನಿಟರ್’ ನೀರಿಗಿಳಿಯಿತು.

ಮಾರ್ಚ್ 8ರಂದು ದಕ್ಷಿಣದ ‘ವರ್ಜೀನಿಯಾ’ ಎರಡು ಮರದ ಯುದ್ಧನೌಕೆಗಳನ್ನು ನಾಶ ಮಾಡಿತು. ಮರುದಿನ ‘ಮಾನಿಟರ್’ ಎದುರು ನಿಂತಿತು. ಗಂಟೆಗಟ್ಟಲೆ ಗುಂಡು ಹಾರಿಸಿದರೂ ಎರಡರಲ್ಲಿ ಯಾವುದೂ ಮುಳುಗಲಿಲ್ಲ. ದಿಗ್ಬಂಧನ ಉಳಿಯಿತು. ಮರದ ಯುದ್ಧನೌಕೆಗಳ ಕಾಲ ಮುಗಿಯಿತೆಂದು ಜಗತ್ತಿಗೆ ತಿಳಿಯಿತು.

1889ರಲ್ಲಿ ನ್ಯೂಯಾರ್ಕ್‌ನಲ್ಲಿ ಎರಿಕ್ಸನ್ ತೀರಿಕೊಂಡ. ಮರುವರ್ಷ ಅಮೆರಿಕದ ಯುದ್ಧನೌಕೆಯೇ ಆತನ ದೇಹವನ್ನು ಗೌರವದಿಂದ ಸ್ವೀಡನ್‌ಗೆ ಒಯ್ದಿತು.

ಅಪವಾದ ಬಂದ ದಿನದಿಂದ ಕರೆ ಬರುವವರೆಗೆ 17 ವರ್ಷ. ಅಷ್ಟೂ ವರ್ಷ ಆತ ಕೆಲಸ ನಿಲ್ಲಿಸಿರಲಿಲ್ಲ, ಅದಕ್ಕೇ ಕರೆ ಬಂದಾಗ ಯೋಜನೆ ಸಿದ್ಧವಿತ್ತು. ನಮ್ಮ ಹೆಸರು ಯಾವಾಗ ಸರಿಹೋಗುತ್ತದೋ ಅದು ನಮ್ಮ ಕೈಯಲ್ಲಿಲ್ಲ ಗೆಳೆಯರೇ, ಕಲಿಕೆ ಮಾತ್ರ ನಮ್ಮ ಕೈಯಲ್ಲಿದೆ.